ಹಳೆಯ ಹಾಯಿದೋಣಿಯ ತುಕ್ಕು ತಿಂದ ಸ್ವಿಂಗ್ ಕೀಲ್: ಬಿಚ್ಚಿ, ಪರೀಕ್ಷಿಸಿ, ದುರಸ್ತಿ ಮಾಡುವ ಅಥವಾ ಬದಲಿಸುವ ಕ್ರಮ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲ ಕಳೆದ ಮೇಲೆ ಒಂದಿಷ್ಟು ಸರಿದಿರುತ್ತದೆ. ಹೋದ ವರ್ಷ ಎರಡು ಮಾರು ಆಳವಿದ್ದ ಕಡೆ ಈ ವರ್ಷ ಸೊಂಟಮಟ್ಟದ ನೀರಿರಬಹುದು. ಇಂಥ ಕರಾವಳಿಯಲ್ಲಿ ತಳದ ಭಾರವನ್ನು, ಎಂದರೆ ಕೀಲನ್ನು, ಮೇಲೆತ್ತಿಕೊಳ್ಳಬಲ್ಲ ದೋಣಿಗೆ ಇರುವ ಅನುಕೂಲ ಸ್ಥಿರ ಕೀಲಿನ ದೋಣಿಗಿಲ್ಲ. ಕಾರವಾರದ ಬೈತಖೋಲದ ಆಳನೀರಿನಿಂದ ಹೊರಟು, ಅಳಿವೆಯಲ್ಲಿ ಕೀಲನ್ನು ಮಡಚಿಕೊಂಡು, ಕೋಡಿಬಾಗದ ದಂಡೆಗೆ ಬಂದು ಮರಳಿನ ಮೇಲೆ ಸಮನಾಗಿ ಕೂರುವ ದೋಣಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನೀರಿನಲ್ಲಿ ಚಲಿಸುವ ಕಬ್ಬಿಣದ ಭಾಗವೆಂದರೆ ಅದು ಸದಾ ದುರಸ್ತಿ ಕೇಳುವ ಭಾಗವೂ ಹೌದು.

ಸ್ವಿಂಗ್ ಕೀಲ್ ಎಂಬುದು ಸಾಮಾನ್ಯವಾಗಿ ಬೀಡುಕಬ್ಬಿಣದಲ್ಲಿ ಎರಕ ಹೊಯ್ದ ಉದ್ದನೆಯ ಫಲಕ. ಅದರ ಮುಂದಿನ ಮೇಲ್ತುದಿಯಲ್ಲಿ ಒಂದು ತೂತಿದ್ದು, ಅದರೊಳಗೆ ಹಾಯುವ ಅಡ್ಡ ಪಿನ್ನಿನ ಮೇಲೆ ಇಡೀ ಫಲಕ ತೂಗುತ್ತದೆ. ಹಿಂಭಾಗಕ್ಕೆ ಕಟ್ಟಿದ ಉಕ್ಕಿನ ಹಗ್ಗವನ್ನು ವಿಂಚಿನಿಂದ (ಹಗ್ಗ ಸುತ್ತುವ ಹಿಡಿಕೆಯ ಯಂತ್ರ) ಸುತ್ತಿದಾಗ ಫಲಕವು ಹಿಂದಕ್ಕೆ ಮಡಚಿಕೊಂಡು ದೋಣಿಯ ತಳದ ಗೂಡಿಗೆ ಸೇರುತ್ತದೆ. 1969ರಲ್ಲಿ ಅಮೆರಿಕದಲ್ಲಿ ತಯಾರಿಕೆ ಆರಂಭವಾದ ಕ್ಯಾಟಲಿನಾ 22 ಎಂಬ ಪ್ರಸಿದ್ಧ ದೋಣಿಯಲ್ಲಿ ಈ ಫಲಕ ಸುಮಾರು 250 ಕಿಲೋ ತೂಗುತ್ತದೆ. ಈ ಗಾತ್ರದ ಉಳಿದ ದೋಣಿಗಳ ಲೆಕ್ಕವನ್ನೂ ಅದರ ಆಸುಪಾಸಿನಲ್ಲೇ ಇಟ್ಟುಕೊಳ್ಳಬಹುದು. ಇಂಗ್ಲಿಷಿನ ಕೀಲ್ ಬೇರೆ, ನಮ್ಮ ಕೀಲು ಬೇರೆ. ಆದರೂ ಈ ಒಂದು ಸಾಧನದ ಮಟ್ಟಿಗೆ ಎರಡೂ ಒಂದೇ ಕಡೆ ಕೂಡಿವೆ: ಸ್ವಿಂಗ್ ಕೀಲಿನ ಜೀವ ಇರುವುದು ಅದರ ಕೀಲಿನಲ್ಲಿ. ಫಲಕದ ಮೈಮೇಲಿನ ತುಕ್ಕು ನೋಡಿ ಗಾಬರಿಯಾಗುವವರು ಬಹಳ, ಆದರೆ ತುಕ್ಕಿನ ಮೈಯಿಂದ ದೋಣಿ ಮುಳುಗುವುದು ಅಪರೂಪ. ಪಿನ್ನು ತುಂಡಾದರೆ, ಪಿನ್ನನ್ನು ಹಿಡಿದ ಬೋಲ್ಟು ಕಳಚಿದರೆ, ಇಲ್ಲವೇ ಹಗ್ಗ ಹರಿದು ಭಾರವೆಲ್ಲ ಒಮ್ಮೆಗೇ ಜೋತುಬಿದ್ದು ಗೂಡಿನ ಗೋಡೆ ಸೀಳಿದರೆ ಮುಳುಗುತ್ತದೆ. ಆದ್ದರಿಂದ ಈ ಬರಹದಲ್ಲಿ ಬಣ್ಣಕ್ಕಿಂತ ತೂತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಾಲ ಮತ್ತು ಜಾಗ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲರುಗಳೆಲ್ಲ ಆಗಲೇ ದುರಸ್ತಿಗೆ ನಿಲ್ಲುತ್ತವೆ. ಹಾಯಿದೋಣಿಯೂ ಆಗ ಹೇಗಿದ್ದರೂ ಮೇಲಿರುತ್ತದೆ, ಕೆಲಸ ಮುಗಿಸಿಬಿಡೋಣ ಎನ್ನಿಸುವುದು ಸಹಜ. ಆ ಆಸೆಗೆ ಒಳಗಾಗಬಾರದು. ಆ ಎರಡು ತಿಂಗಳಲ್ಲಿ ಬೆಸುಗೆಯವರು, ಲೇತಿನವರು ಕೈಗೆ ಸಿಗುವುದಿಲ್ಲ. ಸಿಕ್ಕರೂ ಧಾರಾಕಾರ ಮಳೆಯ ಹವೆಯಲ್ಲಿ ಬೆತ್ತಲೆ ಕಬ್ಬಿಣ ಒಣಗಿರುವುದಿಲ್ಲ. ಬಿಚ್ಚಿ ನೋಡುವ, ಅಳೆಯುವ, ಅಚ್ಚು ಮಾಡಿಸುವ ಕೆಲಸವನ್ನು ಮಳೆಗಾಲದಲ್ಲಿ ಮಾಡಿಕೊಂಡು, ಮೈ ಉಜ್ಜಿ ಬಣ್ಣ ಹಾಕುವ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯ ನಡುವೆ ಇಟ್ಟುಕೊಳ್ಳುವುದು ಲೇಸು.

ದೋಣಿಯನ್ನು ದಡಕ್ಕೆ ತರಲು ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಭರತವನ್ನು ಬಳಸಿಕೊಳ್ಳಬೇಕು. ಟ್ರೈಲರ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಹೈಡ್ರಾ ಕ್ರೇನಿಗೆ ಎರಡು ಅಗಲವಾದ ಸ್ಲಿಂಗ್ ಬೆಲ್ಟುಗಳನ್ನು ಹಾಕಿ ಎತ್ತಿಸಬೇಕು. ಬೆಲ್ಟು ಕೀಲಿನ ಗೂಡಿನ ಮುಂದೆ ಒಂದು, ಹಿಂದೆ ಒಂದು ಬರಬೇಕು; ಗೂಡಿನ ಬಾಯಿಯ ಮೇಲೆ ಬಂದರೆ ತಳದ ಫೈಬರು (ಫೈಬರ್‌ಗ್ಲಾಸ್) ಒಳಕ್ಕೆ ಹಿಸುಕಿಕೊಳ್ಳುತ್ತದೆ.

ಬಿಚ್ಚುವುದು

ಇಡೀ ಕೆಲಸದಲ್ಲಿ ಕೈಕಾಲು ಹೋಗುವ ಸಂಭವ ಇರುವುದು ಈ ಹಂತದಲ್ಲಿ. 250 ಕಿಲೋ ಕಬ್ಬಿಣ ಒಂದು ಗೇಣು ಜಾರಿದರೂ ಸಾಕು. ಜಾಕಿನ ಮೇಲೆ ಮಾತ್ರ ನಿಂತ ಭಾರದ ಕೆಳಗೆ ಯಾರೂ ತಲೆ ಹಾಕಬಾರದು ಎಂಬುದನ್ನು ಮೊದಲೇ ಎಲ್ಲರಿಗೂ ಹೇಳಿ ನಿಲ್ಲಿಸಬೇಕು.

ಕೀಲನ್ನು ಪೂರ್ತಿ ಮೇಲೆತ್ತಿದ ಸ್ಥಿತಿಯಲ್ಲಿಯೇ ಬಿಚ್ಚುವುದು ಒಳ್ಳೆಯದು. ಆಗ ದೋಣಿಯ ತಳ ನೆಲದಿಂದ ಎರಡು ಅಡಿ ಎತ್ತರದಲ್ಲಿದ್ದರೆ ಸಾಕಾಗುತ್ತದೆ. ತೂಗುವ ಸ್ಥಿತಿಯಲ್ಲಿ ಬಿಚ್ಚಲು ಹೊರಟರೆ ದೋಣಿಯನ್ನು ಆಳೆತ್ತರಕ್ಕೆ ಏರಿಸಬೇಕಾಗುತ್ತದೆ. ದೋಣಿಯನ್ನು ಎರಡೂ ಬದಿಯಲ್ಲಿ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿದ ಅಟ್ಟಣೆಯ ಮೇಲೆ ಕೂರಿಸಬೇಕು. ಶಿರಸಿ ಕಡೆಯ ಸಾಮಿಲ್ಲಿನಿಂದ ನಾನು ತರಿಸಿಕೊಂಡದ್ದು ಮತ್ತಿಯ ಚೌಕ ತುಂಡುಗಳು. ಅಗ್ಗಕ್ಕೆ ಸಿಗುತ್ತದೆಂದು ತೆಂಗಿನ ದಿಮ್ಮಿಯನ್ನು ಇಡುವವರಿದ್ದಾರೆ, ಅದು ಉರುಳುತ್ತದೆ. ಬಳಿಕ ಕೀಲಿನ ಕೆಳಗೆ ದಪ್ಪ ಹಲಗೆಯೊಂದನ್ನು ಉದ್ದಕ್ಕೆ ಇಟ್ಟು, ಅದರ ಅಡಿಯಲ್ಲಿ ಮುಂದೊಂದು ಹಿಂದೊಂದು ಜಾಕ್ ನಿಲ್ಲಿಸಿ, ಕೀಲಿನ ಭಾರವೆಲ್ಲ ಜಾಕುಗಳ ಮೇಲೆ ಬಂದು ಹಗ್ಗ ಸಡಿಲಾಗುವವರೆಗೆ ಏರಿಸಬೇಕು. ಹಗ್ಗ ಸಡಿಲಾದ ಮೇಲೆ ಮಾತ್ರ ಅದನ್ನು ಕಳಚಬೇಕು.

ಪಿನ್ನಿನ ವ್ಯವಸ್ಥೆ ಎರಡು ಬಗೆಯದು. ಕೆಲವು ದೋಣಿಗಳಲ್ಲಿ ಪಿನ್ನು ಗೂಡಿನ ಗೋಡೆಗಳ ಮೂಲಕವೇ ಹಾಯುತ್ತದೆ. ಇನ್ನು ಕೆಲವುಗಳಲ್ಲಿ ತಳಕ್ಕೆ ಬೋಲ್ಟು ಹಾಕಿದ ಎರಡು ಲೋಹದ ತೂಗುಪಟ್ಟಿಗಳು ಪಿನ್ನನ್ನು ಹಿಡಿದಿರುತ್ತವೆ. ಎರಡನೆಯ ಬಗೆಯಲ್ಲಿ ಪಟ್ಟಿಯ ಬೋಲ್ಟುಗಳನ್ನು ಒಂದು ಎಡ, ಒಂದು ಬಲ ಎಂಬಂತೆ ಕಾಲು ಸುತ್ತು ಸಡಿಲಿಸುತ್ತ ಬರಬೇಕು, ಒಂದೇ ಬದಿಯನ್ನು ಪೂರ್ತಿ ಬಿಚ್ಚಿದರೆ ಭಾರ ವಾಲಿ ಉಳಿದ ಬೋಲ್ಟು ಬಾಗುತ್ತದೆ. ಸಿಕ್ಕಿಕೊಂಡ ಬೋಲ್ಟಿಗೆ ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಹಾಕಿಡಬೇಕು. ಸುತ್ತಿಗೆಯ ಪೆಟ್ಟು ಫೈಬರಿನ ಮೇಲೆ ಬೀಳಬಾರದು, ಗ್ಯಾಸ್ ಬೆಂಕಿಯನ್ನು ಅದರ ಹತ್ತಿರ ತರಲೇಬಾರದು. ಪಿನ್ನು ಹೊರಬಂದ ಮೇಲೆ ಎರಡೂ ಜಾಕುಗಳನ್ನು ಸರದಿಯಂತೆ ಒಂದಂಗುಲ, ಒಂದಂಗುಲ ಇಳಿಸುತ್ತ, ಪ್ರತಿ ಸಲವೂ ಅಡಿಯಲ್ಲಿ ಮರದ ತುಂಡು ಕೊಡುತ್ತ, ಕೊನೆಗೆ ನೆಲದ ಮೇಲೆ ಹಾಸಿದ ಕಬ್ಬಿಣದ ಪೈಪುಗಳ ಮೇಲೆ ಕೀಲನ್ನು ಕೂರಿಸಿ ಹೊರಕ್ಕೆ ಉರುಳಿಸಿಕೊಳ್ಳಬಹುದು. ಹೊರಗೆ ಚೈನ್ ಪುಲ್ಲಿ ಇದ್ದರೆ ಅದನ್ನು ಮಗ್ಗುಲು ತಿರುಗಿಸುವುದೂ ಸುಲಭ.

ವಾಷರು, ಸ್ಪೇಸರುಗಳು ಯಾವ ಬದಿಯಲ್ಲಿ ಎಷ್ಟಿದ್ದವು ಎಂಬುದನ್ನು ಅಲ್ಲಿಯೇ ಫೋಟೊ ತೆಗೆದು, ಬರೆದಿಟ್ಟುಕೊಳ್ಳಬೇಕು. ಆರು ತಿಂಗಳ ನಂತರ ಜೋಡಿಸುವಾಗ ನೆನಪು ಕೈಕೊಡುತ್ತದೆ.

ಪರೀಕ್ಷೆ: ಮೊದಲು ತೂತು, ಆಮೇಲೆ ತೂಕ, ಕಡೆಗೆ ಮೈ

ಪಿನ್ನನ್ನು ಒರೆಸಿ, ವರ್ನಿಯರ್ ಕ್ಯಾಲಿಪರಿನಿಂದ ಮೂರು ಕಡೆ ಅಳೆಯಬೇಕು: ಕೀಲಿನ ಒಳಗಿದ್ದ ನಡುಭಾಗ, ಎರಡೂ ಬದಿಯ ಪಟ್ಟಿಗಳಲ್ಲಿ ಕೂತ ತುದಿಭಾಗಗಳು. 25 ಮಿ.ಮೀ. ಇರಬೇಕಾದದ್ದು ನಡುವೆ 23.5 ಇದ್ದರೆ ಪಿನ್ನು ಸವೆದಿದೆ. ಇನ್ನೂ ಕೆಟ್ಟದ್ದು ಅಂಚಿನಲ್ಲಿ ಕಾಣುವ ಉಂಗುರದಂಥ ಕೊರೆತ. ಕತ್ತರಿಸುವ ಒತ್ತಡ ಬೀಳುವುದು ಅದೇ ಗೆರೆಯಲ್ಲಿ. ಹಳೆಯ ಪಿನ್ನನ್ನು ಏನೇ ಇರಲಿ ಮರಳಿ ಹಾಕಬಾರದು ಎಂಬುದು ನನ್ನ ನಿಯಮ.

ತೂತನ್ನು ಮೇಲೆ-ಕೆಳಗೆ ಮತ್ತು ಹಿಂದೆ-ಮುಂದೆ ಎರಡು ದಿಕ್ಕಿನಲ್ಲಿ ಅಳೆಯಬೇಕು. ಒಂದು ಅಳತೆ ಇನ್ನೊಂದಕ್ಕಿಂತ ಹೆಚ್ಚಿದ್ದರೆ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ಲಂಗರು ಹಾಕಿ ಮಲಗಿದ ರಾತ್ರಿ ತಳದಿಂದ ಟಕ್, ಟಕ್ ಎಂಬ ಸದ್ದು ಕೇಳುತ್ತಿದ್ದರೆ ಅದರ ಮೂಲ ಸಾಮಾನ್ಯವಾಗಿ ಇಲ್ಲಿರುತ್ತದೆ.

ತೂತಿನ ಸುತ್ತ ಬಿರುಕು ಇದೆಯೇ ಎಂದು ನೋಡಲು ಡೈ ಪೆನಿಟ್ರಂಟ್ ಎಂಬ ಮೂರು ಡಬ್ಬಿಗಳ ಸೆಟ್ ಸಿಗುತ್ತದೆ: ಒಂದು ಶುಚಿಕಾರಕ, ಒಂದು ಕೆಂಪು ದ್ರವ, ಒಂದು ಬಿಳಿ ಪುಡಿಯ ಸ್ಪ್ರೇ. ಅದು ಸಿಗದಿದ್ದರೆ ಹಳೆಯ ವರ್ಕ್‌ಶಾಪುಗಳ ಉಪಾಯವಿದೆ. ಲೋಹವನ್ನು ಚೆನ್ನಾಗಿ ಉಜ್ಜಿ ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ, ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಮೂಡುತ್ತದೆ. ತೂತಿನಿಂದ ಹೊರಟು ಅಂಚಿನತ್ತ ಸಾಗುವ ಗೆರೆ ಕಂಡರೆ ಆ ಕೀಲ್ ಗುಜರಿಗೆ ಹೋಗಬೇಕು. ಬೀಡುಕಬ್ಬಿಣಕ್ಕೆ ಬೆಸುಗೆ ಹಾಕಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಕ್ಕಲ್ ರಾಡಿನಿಂದ, ಮೊದಲು ಬಿಸಿ ಮಾಡಿ, ನಿಧಾನವಾಗಿ ತಣಿಸಿ ಹಾಕಬಹುದು ನಿಜ. ಆದರೆ ಬೆಸುಗೆಯ ಪಕ್ಕದ ಲೋಹ ಗಡಸಾಗಿ ಬಿರಿಯುವ ಸ್ವಭಾವ ಹೋಗುವುದಿಲ್ಲ. ಪಂಪಿನ ಕವಚಕ್ಕೆ ಅದು ಸಾಕು, ಇಡೀ ಭಾರ ತೂಗುವ, ತೂತಿನ ಸುತ್ತಲ ಕೊರಳಿಗೆ ಸಾಲದು.

ನಂತರ ತೂಕ. ಗುಜರಿ ಅಂಗಡಿಯ ತೂಕದ ಯಂತ್ರವಾಗಲಿ, ಕ್ರೇನಿಗೆ ನೇತುಹಾಕುವ ತಕ್ಕಡಿಯಾಗಲಿ ನಡೆಯುತ್ತದೆ. ಸಡಿಲ ಹಕ್ಕಳೆಗಳನ್ನು ಮೊದಲು ಸುತ್ತಿಗೆಯಿಂದ ಉದುರಿಸಿಕೊಂಡೇ ತೂಗಬೇಕು, ಏಕೆಂದರೆ ತುಕ್ಕಿಗೂ ಭಾರವಿದೆ, ಶಕ್ತಿ ಮಾತ್ರ ಇಲ್ಲ. ಬೀಡುಕಬ್ಬಿಣದ ಸಾಂದ್ರತೆ ಲೀಟರಿಗೆ ಸುಮಾರು 7.2 ಕಿಲೋ. ಎಂದರೆ ಒಂದು ಚದರ ಮೀಟರ್ ಮುಖದಿಂದ ಒಂದು ಮಿ.ಮೀ. ಲೋಹ ಹೋದರೆ ಏಳು ಕಿಲೋಗಿಂತ ಹೆಚ್ಚು ಹೋದಂತೆ. ತಯಾರಕರು ಹೇಳಿದ ಮೂಲ ತೂಕದಲ್ಲಿ ನೂರಕ್ಕೆ ಐದರವರೆಗೆ ಕಡಿಮೆಯಾಗಿದ್ದರೆ ನಾನು ನಿಶ್ಚಿಂತೆಯಿಂದ ದುರಸ್ತಿ ಮಾಡುತ್ತೇನೆ. ನೂರಕ್ಕೆ ಹತ್ತು ದಾಟಿದರೆ ಹೊಸದರ ಯೋಚನೆ ಮಾಡುತ್ತೇನೆ. ನಡುವಿನದು ತೂತಿನ ಸ್ಥಿತಿಯ ಮೇಲೆ ತೀರ್ಮಾನವಾಗುತ್ತದೆ.

ಮೈ ನೋಡುವಾಗ ಕೆಂಪು ತುಕ್ಕಿಗಿಂತ ಕಪ್ಪು ಭಾಗದ ಮೇಲೆ ಕಣ್ಣಿಡಬೇಕು. ಬೀಡುಕಬ್ಬಿಣದೊಳಗೆ ಗ್ರಾಫೈಟಿನ ಎಸಳುಗಳು ಹರಡಿಕೊಂಡಿರುತ್ತವೆ. ಉಪ್ಪುನೀರಿನಲ್ಲಿ ಗ್ರಾಫೈಟಿಗೂ ಕಬ್ಬಿಣಕ್ಕೂ ನಡುವೆ ಬ್ಯಾಟರಿಯಂತೆ ವಿದ್ಯುತ್ತು ಹರಿದು, ಕಬ್ಬಿಣ ಕರಗಿ ಹೋಗಿ, ಗ್ರಾಫೈಟಿನ ಜಾಲ ಮಾತ್ರ ಮೊದಲಿನ ಆಕಾರದಲ್ಲೇ ಉಳಿಯುತ್ತದೆ. ಹೊರನೋಟಕ್ಕೆ ಫಲಕ ಇಡಿಯಾಗಿದೆ. ಚಾಕುವಿನ ತುದಿಯಿಂದ ಕೆರೆದರೆ ಪೆನ್ಸಿಲಿನ ಕಡ್ಡಿಯಂತೆ ಕಪ್ಪಗೆ, ಮೆತ್ತಗೆ ಬರುತ್ತದೆ. ತೂತಿನ ಸುತ್ತ ಮತ್ತು ಹಗ್ಗದ ಕೊಂಡಿ ಕೂತ ಜಾಗದಲ್ಲಿ ಗೆರೆ ಎಳೆದು ನೋಡಿ, ಮೆತ್ತಗಿನ ಪದರ ಎರಡು ಮೂರು ಮಿ.ಮೀ. ಆಳಕ್ಕಿಂತ ಹೆಚ್ಚಿದ್ದರೆ ಅಲ್ಲಿಯ ಬಲವನ್ನು ನಂಬಬಾರದು. ಫಲಕದ ನಡುವೆ ಅಷ್ಟೇ ಆಳದ ಗುಂಡಿಯಿದ್ದರೆ ಅದನ್ನು ಕೆರೆದು ತುಂಬಬಹುದು.

ದೋಣಿಯ ಕಡೆಯನ್ನೂ ಇದೇ ದಿನ ನೋಡಿ ಮುಗಿಸಬೇಕು. ಪಟ್ಟಿಯ ಬೋಲ್ಟುಗಳ ನಡುಭಾಗ ತೆಳುವಾಗಿದೆಯೇ, ಅವು ಕೂರುವ ಫೈಬರಿನಲ್ಲಿ ಜೇಡರ ಬಲೆಯಂಥ ಬಿರುಕುಗಳಿವೆಯೇ, ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ ಎಂದು ಪರೀಕ್ಷಿಸದೆ ಕೀಲನ್ನು ಮಾತ್ರ ಹೊಸದು ಮಾಡಿದರೆ ಕೆಲಸ ಅರ್ಧವೇ ಆದಂತೆ.

ತೂತಿಗೆ ಬುಷ್, ಬುಷಿಗೆ ಪಿನ್ನು

ಸವೆದ ತೂತನ್ನು ಸರಿಪಡಿಸುವ ದಾರಿ ಒಂದೇ: ಅದನ್ನು ದುಂಡಗೆ ದೊಡ್ಡದಾಗಿ ಕೊರೆದು ಒಳಗೆ ಬುಷ್ (ಕೊಳವೆಯಂಥ ಒಳಪದರ) ಕೂರಿಸುವುದು. 25 ಮಿ.ಮೀ. ಪಿನ್ನಿಗೆ 35 ಮಿ.ಮೀ. ತೂತು ಕೊರೆದು, 5 ಮಿ.ಮೀ. ಗೋಡೆಯ ಬುಷ್ ಹಾಕಿದರೆ ಹೊಂದಿಕೆಯಾಗುತ್ತದೆ. ಕೊರೆಯುವ ಮೊದಲು ಒಂದು ಲೆಕ್ಕ: ದೊಡ್ಡದಾದ ತೂತಿನ ಅಂಚಿನಿಂದ ಕೀಲಿನ ಹೊರ ಅಂಚಿನವರೆಗೆ ಕನಿಷ್ಠ ಆ ತೂತಿನ ವ್ಯಾಸದಷ್ಟಾದರೂ ಗಟ್ಟಿ ಲೋಹ ಉಳಿಯಬೇಕು. ಉಳಿಯದಿದ್ದರೆ ಬುಷಿನ ಗೋಡೆಯನ್ನು ತೆಳುಗೊಳಿಸಬೇಕು, ಅದೂ ಸಾಧ್ಯವಾಗದಿದ್ದರೆ ಹೊಸ ಕೀಲಿಗೆ ಹೋಗಬೇಕು.

ಕೈ ಡ್ರಿಲ್ಲಿನಿಂದ ಈ ಕೆಲಸ ಆಗದು. ರೇಡಿಯಲ್ ಡ್ರಿಲ್ಲಿಂಗ್ ಯಂತ್ರ ಇರುವ ವರ್ಕ್‌ಶಾಪಿಗೆ ಕೀಲನ್ನು ಒಯ್ದು, ಫಲಕದ ನಡುರೇಖೆಗೆ ತೂತು ಸರಿಯಾಗಿ ಲಂಬವಾಗಿರುವಂತೆ ಮಟ್ಟ ಹಿಡಿಸಿ ಕೊರೆಸಬೇಕು. ತುಕ್ಕು ಹಿಡಿದ ಮೈಯನ್ನು ಆಧಾರವಾಗಿ ಇಟ್ಟುಕೊಂಡು ಮಟ್ಟ ಹಿಡಿದರೆ ತೂತು ಓರೆಯಾಗುತ್ತದೆ, ಓರೆಯಾದ ಕೀಲ್ ಗೂಡಿನ ಒಂದು ಗೋಡೆಗೆ ಉಜ್ಜುತ್ತದೆ. ಆದ್ದರಿಂದ ತೂತಿನ ಸುತ್ತಲ ಮುಖವನ್ನೂ ತುದಿಯ ಒಂದು ಬಿಂದುವನ್ನೂ ಮೊದಲೇ ಉಜ್ಜಿ ಒಳ್ಳೆಯ ಲೋಹ ಕಾಣುವಂತೆ ಮಾಡಿಕೊಂಡು ಹೋಗಬೇಕು.

ಬುಷಿಗೆ ತಾಮ್ರ-ತವರದ ಮಿಶ್ರಲೋಹಗಳಾದ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಸೂಕ್ತ. ಹಿತ್ತಾಳೆ ಬೇಡ, ಕಡಲನೀರಿನಲ್ಲಿ ಅದರೊಳಗಿನ ಸತು ಕರಗಿ, ಉಳಿದ ತಾಮ್ರ ಸ್ಪಂಜಿನಂತಾಗಿ, ಕೆಂಪು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ನೈಲಾನ್ ಕೂಡ ಬೇಡ, ನೀರು ಹೀರಿ ಉಬ್ಬಿ ಪಿನ್ನನ್ನು ಬಿಗಿಹಿಡಿಯುತ್ತದೆ. ಪ್ಲಾಸ್ಟಿಕ್ಕೇ ಬೇಕೆಂದರೆ ಅಸಿಟಾಲ್ ಅದಕ್ಕಿಂತ ಬಹಳ ಕಡಿಮೆ ನೀರು ಹೀರುತ್ತದೆ. ಲೋಹದ ಬುಷನ್ನು ಹೊಡೆದು ಬಿಗಿಯಾಗಿ ಕೂರಿಸುವುದು ಲೇತಿನವರ ಅಭ್ಯಾಸ, ಆದರೆ ಬೀಡುಕಬ್ಬಿಣದ ಹಳೆಯ ಕೊರಳು ಆ ಬಿಗಿಗೆ ಸೀಳಬಹುದು. ಕೈಯಿಂದ ಒತ್ತಿದರೆ ಜಾರುವಷ್ಟು ಸಡಿಲ ಇಟ್ಟು, ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸವರಿ ಕೂರಿಸಿದರೆ ಎರಡು ಲಾಭ: ಕೊರಳಿಗೆ ಒತ್ತಡವಿಲ್ಲ, ಮತ್ತು ಬ್ರಾಂಜಿಗೂ ಕಬ್ಬಿಣಕ್ಕೂ ನಡುವೆ ಎಪಾಕ್ಸಿಯ ತೆಳುಪದರ ನಿಂತು, ಎರಡು ಲೋಹಗಳ ಜಗಳದಲ್ಲಿ ಕಬ್ಬಿಣ ಕರಗುವುದು ಕಡಿಮೆಯಾಗುತ್ತದೆ.

ಪಿನ್ನಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಅಂಗಡಿಯೊಂದರಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಎಂದು ಹೇಳಿ ಕೊಟ್ಟ ಸರಳನ್ನು ತಂದು ಪಿನ್ನು ಮಾಡಿಸಿದ್ದೆ. ಒಂದೂವರೆ ವರ್ಷದ ನಂತರ ತೆಗೆದು ನೋಡಿದರೆ ಹೊರಗೆ ಕಾಣುವ ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಒಳಗಿನ ಭಾಗದಲ್ಲಿ ಹುಳು ಕೊರೆದಂತೆ ಗುಂಡಿಗಳು. ಲೇತಿನವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಬುಷ್ ಎಲ್ಲ ಸರಿ ಅದೆ ಸರ್, ನಿಮ್ಮ ಪಿನ್ನೇ ಹೋಗದೆ” ಎಂದರು. ಸ್ಟೇನ್‌ಲೆಸ್ ಉಕ್ಕು ತನ್ನ ಮೈಮೇಲಿನ ತೆಳು ಆಕ್ಸೈಡ್ ಪೊರೆಯಿಂದ ಬದುಕುತ್ತದೆ; ಆ ಪೊರೆ ಮತ್ತೆ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ನಿಂತ ಉಪ್ಪುನೀರು ತುಂಬಿದ ಬಿಗಿಸಂದಿಯಲ್ಲಿ ಅದು ಸಿಗುವುದಿಲ್ಲ. 304 ದರ್ಜೆ ಇಂಥ ಕಡೆ ಬೇಗ ಸೋಲುತ್ತದೆ, 316 ತಡವಾಗಿ ಸೋಲುತ್ತದೆ. ಎರಡೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟದ ಕಾರಣ ಅಯಸ್ಕಾಂತದಿಂದ ಇವೆರಡನ್ನು ಬೇರೆ ಮಾಡಲಾಗದು. 316ರಲ್ಲಿ ಬೆರೆಸಿರುವ ಮಾಲಿಬ್ಡಿನಂ ಪತ್ತೆಹಚ್ಚುವ ದ್ರವದ ಹನಿಯಿಂದ ಮಾಡಬಹುದು, ಇಲ್ಲವೇ ಪರೀಕ್ಷಾಪತ್ರ ಕೇಳಿ ಪಡೆಯಬೇಕು. ಈಗ ನನ್ನ ದೋಣಿಯಲ್ಲಿರುವುದು ಅಲ್ಯೂಮಿನಿಯಂ ಬ್ರಾಂಜಿನ ಪಿನ್ನು. ಬುಷಿನೊಳಗೆ ಅದಕ್ಕೆ 0.2 ಮಿ.ಮೀ. ಸಡಿಲ ಇಟ್ಟಿದ್ದೇನೆ.

ಮೈಯ ಉಪ್ಪು ತೆಗೆಯುವುದು

ಗ್ರೈಂಡರಿಗೆ ತಂತಿಯ ಬ್ರಷ್ ಹಾಕಿ ಉಜ್ಜಿದರೆ ತುಕ್ಕು ಹೊಳಪಾಗುತ್ತದೆ, ಹೋಗುವುದಿಲ್ಲ. ಗುಂಡಿಗಳ ತಳದಲ್ಲಿ ಕೂತ ಉಪ್ಪನ್ನು ಹೊರಹಾಕಲು ಬ್ಲಾಸ್ಟಿಂಗ್ (ಒತ್ತಡದ ಗಾಳಿಯಿಂದ ಗಡಸು ಹರಳು ಹೊಡೆಯುವುದು) ಬೇಕು. ಲೋಹವು ಬಹುಮಟ್ಟಿಗೆ ಬೆಳ್ಳಗಾಗುವ ಎಸ್‌ಎ 2½ ದರ್ಜೆಯನ್ನೇ ಕೇಳಬೇಕು. ಕಡಲತೀರದ ಮರಳು ಕೈಗೆಟಕುವಷ್ಟು ಹತ್ತಿರವಿದೆ ಎಂದು ಅದನ್ನು ಬಳಸುವುದು ಎರಡು ಪಟ್ಟು ತಪ್ಪು. ಅದರಲ್ಲಿರುವ ಉಪ್ಪನ್ನೇ ಮತ್ತೆ ಲೋಹಕ್ಕೆ ಹೊಡೆದಂತಾಗುತ್ತದೆ, ಮತ್ತು ಸಿಲಿಕಾದ ಧೂಳು ಉಸಿರಾಟದಲ್ಲಿ ಸೇರಿ ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ರೋಗ ತರುತ್ತದೆ. ಕಾಪರ್ ಸ್ಲಾಗ್ ಅಥವಾ ಗಾರ್ನೆಟ್ ಹರಳನ್ನು ಬಳಸುವವರಲ್ಲಿಯೇ ಮಾಡಿಸಬೇಕು.

ಒಂದು ಸಲ ಬ್ಲಾಸ್ಟಿಂಗ್ ಮಾಡಿದ ಕೂಡಲೇ ಬಣ್ಣ ಹಚ್ಚುವ ಆತುರ ಬೇಡ. ಕೀಲನ್ನು ಒತ್ತಡದ ಸಿಹಿನೀರಿನಿಂದ ಚೆನ್ನಾಗಿ ತೊಳೆದು ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ಉಪ್ಪು ಉಳಿದ ಗುಂಡಿಗಳು ತಾವೇ ಕಪ್ಪು-ಕಂದು ಒದ್ದೆ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಅವುಗಳನ್ನು ಗುರುತು ಮಾಡಿ ಮತ್ತೆ ತೊಳೆದು, ಮತ್ತೆ ಲಘುವಾಗಿ ಬ್ಲಾಸ್ಟ್ ಮಾಡಿಸಬೇಕು. ತೊಳೆಯುವ ನೀರನ್ನು ಮೊದಲು ನಾಲಿಗೆಗೆ ಹಚ್ಚಿ ನೋಡುವುದು ಒಳ್ಳೆಯದು. ದಂಡೆಗೆ ಹತ್ತಿರದ ಬಾವಿಗಳಲ್ಲಿ ಬೇಸಗೆ ಹತ್ತಿರವಾದಂತೆ ನೀರು ಸವಳಾಗುತ್ತದೆ, ಅದರಲ್ಲಿ ತೊಳೆದೂ ಪ್ರಯೋಜನವಿಲ್ಲ.

ಬಣ್ಣ

ಕಬ್ಬಿಣದ ಮೈಯ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ 85ಕ್ಕಿಂತ ಕಡಿಮೆ ಇರಬೇಕು. 30 ಡಿಗ್ರಿ ಬಿಸಿಲು, ಶೇ 75 ತೇವಾಂಶವಿದ್ದಾಗ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಗಾಳಿ ಬಿಸಿಯಾಗಿದ್ದರೂ ರಾತ್ರಿಯಿಡೀ ತಣಿದ ಭಾರೀ ಕಬ್ಬಿಣ ಬೆಳಿಗ್ಗೆ ಎಂಟಕ್ಕೆ ಇನ್ನೂ ತಂಪಾಗಿರುತ್ತದೆ. ತಣ್ಣೀರಿನ ಕೊಡ ಬೆವರುವ ಹಾಗೆ ಅದೂ ಕಣ್ಣಿಗೆ ಕಾಣದಂತೆ ಬೆವರುತ್ತಿರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಅದರಲ್ಲಿ ಉಪ್ಪಿನ ಹನಿ. ಹಾಗಾಗಿ ಚಳಿಗಾಲದ ದಿನದಲ್ಲಿ ನಮಗೆ ಸಿಗುವುದು ಹತ್ತರಿಂದ ಒಂದು ಗಂಟೆಯವರೆಗಿನ ಅವಧಿ. ಕಡೆಯ ಬ್ಲಾಸ್ಟಿಂಗನ್ನು ಅದೇ ಬೆಳಿಗ್ಗೆ ಮುಗಿಸಿ, ಗಂಟೆಯೊಳಗೆ ಮೊದಲ ಪದರ ಬೀಳುವಂತೆ ಎಲ್ಲವನ್ನೂ ಸಿದ್ಧವಿಟ್ಟುಕೊಳ್ಳಬೇಕು.

ಮೊದಲ ಪದರ ಎಪಾಕ್ಸಿ ಪ್ರೈಮರಿನದು, ತಯಾರಕರು ಹೇಳಿದಷ್ಟು ತೆಳು ಮಾಡಿ, ಗುಂಡಿಗಳೊಳಗೆ ಬ್ರಷ್ಷಿನಿಂದ ತಿಕ್ಕಿ ಹಚ್ಚಿದ್ದು. ಅದು ಗಟ್ಟಿಯಾದ ಮೇಲೆ ಎಪಾಕ್ಸಿ ಪುಟ್ಟಿಯಿಂದ ಗುಂಡಿ ತುಂಬಬೇಕು. ಬೆತ್ತಲೆ ಕಬ್ಬಿಣದ ಮೇಲೆ ಪುಟ್ಟಿ ಹಾಕಬಾರದು. ಆ ಬಳಿಕ ಒಟ್ಟು ಒಣಪದರ 400ರಿಂದ 500 ಮೈಕ್ರಾನ್ ಆಗುವವರೆಗೆ ಐದಾರು ಸಲ ಎಪಾಕ್ಸಿ. ಟ್ರಾಲರುಗಳಿಗೆ ಬಳಸುವ ಕೋಲ್‌ಟಾರ್ ಎಪಾಕ್ಸಿ ಅಗ್ಗ, ಗಟ್ಟಿ, ನೀರಿಗೆ ಜಗ್ಗದು. ಆದರೆ ಚರ್ಮಕ್ಕೆ ತಾಗಿದರೆ ಬಿಸಿಲಿನಲ್ಲಿ ಉರಿಯುತ್ತದೆ, ದೀರ್ಘಕಾಲದಲ್ಲಿ ಆರೋಗ್ಯಕ್ಕೂ ಕೆಟ್ಟದ್ದು, ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು. ಒಂದು ಪದರ ಒಣಗಿ ಮೇಲೆ ಜಿಡ್ಡಿನಂಥ ಪೊರೆ ಬಂದಿದ್ದರೆ ಸಿಹಿನೀರು ಮತ್ತು ಸ್ಕ್ರಬ್ಬರಿನಿಂದ ಉಜ್ಜಿ ತೊಳೆದು ಒಣಗಿಸಿಯೇ ಮುಂದಿನ ಪದರ. ಪಾಚಿ, ಚಿಪ್ಪು ಕೂರದಂತೆ ಹಚ್ಚುವ ಬಣ್ಣದಲ್ಲಿ ತಾಮ್ರವಿರುವುದರಿಂದ ಅದು ಕಬ್ಬಿಣಕ್ಕೆ ನೇರ ತಾಗಲೇಬಾರದು, ಈ ಎಪಾಕ್ಸಿ ಪದರವೇ ನಡುವಿನ ಗೋಡೆ.

ಮೀನುಗಾರಿಕೆಯ ಫೈಬರ್ ದೋಣಿ ಕಟ್ಟುವವರು ನಮ್ಮಲ್ಲಿ ನುರಿತವರಿದ್ದಾರೆ, ಇಡೀ ಕೀಲಿಗೆ ಫೈಬರ್ ಸುತ್ತಿಕೊಡುತ್ತೇವೆ ಎನ್ನುತ್ತಾರೆ. ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದು ಫೈಬರಿಗೆ ಚೆನ್ನಾಗಿ ಹಿಡಿಯುತ್ತದೆ, ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಒಂದು ಕಡೆ ನೀರು ನುಸುಳಿದರೆ ಒಳಗೆ ತುಕ್ಕು ಉಬ್ಬಿ ಇಡೀ ಸಿಪ್ಪೆ ಹಲಸಿನ ತೊಳೆಯಂತೆ ಬಿಟ್ಟುಕೊಳ್ಳುತ್ತದೆ. ಸುತ್ತಲೇಬೇಕೆಂದರೆ ಬಟ್ಟೆಯನ್ನು ಎಪಾಕ್ಸಿಯಲ್ಲಿ ಸುತ್ತಬೇಕು.

ಇನ್ನೊಂದು ಎಚ್ಚರಿಕೆ ನನ್ನ ಸ್ವಂತ ಪೆದ್ದುತನದಿಂದ ಬಂದದ್ದು. ಮೊದಲ ಸಲ ಪುಟ್ಟಿ ಹಾಕಿ, ಉಜ್ಜಿ, ಕೀಲನ್ನು ಮೀನಿನ ಮೈಯಂತೆ ನುಣುಪು ಮಾಡಿದ್ದೆ. ದೋಣಿಗೆ ಏರಿಸಿದರೆ ಗೂಡಿನೊಳಗೆ ಅರ್ಧಕ್ಕೆ ಸಿಕ್ಕಿಕೊಂಡಿತು. ಮಲಗಿಕೊಂಡು ಮೂರು ದಿನ ಕೆರೆದು ತೆಗೆದೆ. ಗೂಡಿನ ಅಗಲವನ್ನು ಮುಂದೆ, ನಡುವೆ, ಹಿಂದೆ ಅಳೆದು, ಬಣ್ಣ ಸೇರಿ ಪ್ರತಿ ಬದಿಗೆ 3 ಮಿ.ಮೀ. ಬಿಡುವು ಉಳಿಯುವಂತೆ ಪ್ಲೈವುಡ್ಡಿನ ಅಳತೆಪಟ್ಟಿ ಮಾಡಿಕೊಂಡು, ಪುಟ್ಟಿಯ ಪ್ರತಿ ಹಂತದಲ್ಲಿ ಹಿಡಿದು ನೋಡಬೇಕು.

ಹೊಸ ಕೀಲ್ ಎರಕ ಹೊಯ್ಯಿಸುವುದಾದರೆ

ವಿದೇಶದಿಂದ ತರಿಸುವುದಕ್ಕಿಂತ ಇಲ್ಲಿಯೇ ಎರಕ ಹೊಯ್ಯಿಸುವುದು ಜಾಣತನ. ಬೆಳಗಾವಿ ಫೌಂಡ್ರಿಗಳ ಊರೇ ಆಗಿದೆ. ಹಳೆಯ ಕೀಲನ್ನೇ ಅಚ್ಚಿಗೆ ಕೊಡಬಾರದು. ಅದು ಸವೆದಿದೆ, ಅಲ್ಲದೆ ಬೀಡುಕಬ್ಬಿಣ ತಣಿಯುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಕೀಲ್ 15 ಮಿ.ಮೀ. ಗಿಡ್ಡವಾಗಿ ಬರುತ್ತದೆ. ಮೂಲ ಅಳತೆಯ ಮೇಲೆ ಈ ಕುಗ್ಗುವಿಕೆಯನ್ನು ಸೇರಿಸಿ ಮರದ ಪ್ಯಾಟರ್ನ್ ಮಾಡಿಸಬೇಕು. ತೂತಿನ ಜಾಗವನ್ನು ಗಟ್ಟಿಯಾಗಿಯೇ ಹೊಯ್ಯಿಸಿ, ಅದರ ಎರಡೂ ಮುಖಗಳಲ್ಲಿ ಯಂತ್ರದಿಂದ ಕೆತ್ತಲು 3 ಮಿ.ಮೀ. ಹೆಚ್ಚು ಬಿಟ್ಟು, ತೂತನ್ನು ಆಮೇಲೆ ಕೊರೆಸಬೇಕು. ಸಾಮಾನ್ಯ ಬೀಡುಕಬ್ಬಿಣದ ಎಫ್‌ಜಿ 200 ದರ್ಜೆ ಸಾಕಾಗುತ್ತದೆ; ತುಸು ಹೆಚ್ಚು ಹಣ ಕೊಟ್ಟರೆ ಗ್ರಾಫೈಟ್ ಎಸಳಿನ ಬದಲು ಗುಂಡುಗಳಾಗಿ ಇರುವ ಎಸ್‌ಜಿ ಕಬ್ಬಿಣ ಸಿಗುತ್ತದೆ, ಅದು ಪೆಟ್ಟಿಗೆ ಸುಲಭವಾಗಿ ಬಿರಿಯುವುದಿಲ್ಲ. ಬಂಡೆಗಳಿರುವ ದಡದಲ್ಲಿ ಸಂಚರಿಸುವವರು ಅದನ್ನೇ ಆರಿಸಿಕೊಳ್ಳಲಿ.

ಲೋಹ ಬದಲಿಸುವ ಮುನ್ನ ತೂಕದ ಲೆಕ್ಕ ಹಾಕಬೇಕು. 250 ಕಿಲೋ ಬೀಡುಕಬ್ಬಿಣದ ಗಾತ್ರ ಸುಮಾರು 34.7 ಲೀಟರ್. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿದರೆ 272 ಕಿಲೋ, ಸೀಸದಲ್ಲಿ ಮಾಡಿದರೆ 394 ಕಿಲೋ. ತುಕ್ಕು ಹಿಡಿಯದು ಎಂದು ಸೀಸಕ್ಕೆ ಮರುಳಾದರೆ ವಿಂಚು, ಹಗ್ಗ, ಪಿನ್ನು, ತಳದ ಫೈಬರು ಎಲ್ಲಕ್ಕೂ ಒಂದೂವರೆ ಪಟ್ಟು ಭಾರ ಬೀಳುತ್ತದೆ. ಸೀಸ ಮೆತ್ತಗಿರುವುದರಿಂದ ಒಳಗೆ ಉಕ್ಕಿನ ಅಸ್ಥಿಪಂಜರವೂ ಬೇಕು. ಅದರ ಹೊಗೆ ಮತ್ತು ಧೂಳು ವಿಷ, ಮನೆಯ ಹಿತ್ತಲಲ್ಲಿ ಕರಗಿಸುವ ಸಾಹಸ ಯಾರೂ ಮಾಡಬಾರದು.

ಹಗ್ಗ, ವಿಂಚು, ಸತುವಿನ ಗಟ್ಟಿ

ಎತ್ತುವ ಹಗ್ಗ 7×19 ಹೆಣಿಗೆಯ (ತಲಾ 19 ಎಳೆಗಳ ಏಳು ಹುರಿ) ಮೆದು ಉಕ್ಕಿನ ಹಗ್ಗವಾಗಿರಬೇಕು. ಹಾಯಿಕಂಬಕ್ಕೆ ಕಟ್ಟುವ ಗಡಸು ಹಗ್ಗ ಗಾಲಿಯ ಮೇಲೆ ಬಾಗಿ ಬಾಗಿ ಎಳೆ ಹರಿಯುತ್ತದೆ. ಒಂದು ಎಳೆ ಚುಚ್ಚಿದರೂ ಬದಲಿಸಬೇಕು. ವಿಂಚಿನ ಬ್ರೇಕು ಹಿಡಿಯದಿದ್ದರೆ ಹಿಡಿಕೆ ಹಿಮ್ಮುಖವಾಗಿ ತಿರುಗಿ ಮಣಿಕಟ್ಟು ಮುರಿಯುತ್ತದೆ, ಅದನ್ನು ಬಿಚ್ಚಿ ಶುಚಿ ಮಾಡಲು ಇದೇ ಸಮಯ.

ಕೀಲಿಗೆ ಬಲಿಲೋಹದ (ಕಬ್ಬಿಣದ ಬದಲು ತಾನು ಕರಗುವ ಲೋಹ) ಗಟ್ಟಿಯೊಂದನ್ನು ಬೋಲ್ಟಿನಿಂದ, ಲೋಹಕ್ಕೆ ಲೋಹ ತಾಗುವಂತೆ ಕೂರಿಸಬೇಕು, ಅದರ ಮೇಲೆ ಬಣ್ಣ ಬೀಳಬಾರದು. ಬರೀ ಕಡಲಿನಲ್ಲಿರುವ ದೋಣಿಗೆ ಸತು ಸರಿ. ಕಾಳಿಯ ಒಳಗೆ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸಿಹಿ-ಉಪ್ಪು ಬೆರೆತ ನೀರಿನಲ್ಲಿ ನಿಲ್ಲುವ ದೋಣಿಗೆ ಅಲ್ಯೂಮಿನಿಯಂ ಗಟ್ಟಿಯೇ ಮೇಲು, ಏಕೆಂದರೆ ಅಂಥ ನೀರಿನಲ್ಲಿ ಸತುವಿನ ಮೇಲೆ ಬಿಳಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸಿಬಿಡುತ್ತದೆ.

ಮರುಜೋಡಣೆ

ಇಳಿಸಿದ ಕ್ರಮವನ್ನೇ ತಿರುವುಮುರುವಾಗಿ ನಡೆಸಬೇಕು. ತೂತುಗಳನ್ನು ಒಂದೇ ಗೆರೆಗೆ ತರಲು ನಿಜವಾದ ಪಿನ್ನನ್ನು ಬಡಿಯದೆ, ಅದೇ ದಪ್ಪದ, ಮೂತಿ ಚೂಪು ಮಾಡಿದ ಸರಳನ್ನು ಮೊದಲು ತೂರಿಸಿ, ಅದರ ಹಿಂದೆಯೇ ಪಿನ್ನನ್ನು ತಳ್ಳಿದರೆ ಬುಷಿಗೆ ಗೀರು ಬೀಳುವುದಿಲ್ಲ. ಪಿನ್ನಿಗೆ ನೀರಿಗೆ ಜಗ್ಗದ ಗ್ರೀಸು ಹಚ್ಚಬೇಕು, ಗ್ರಾಫೈಟ್ ಬೆರೆತ ಗ್ರೀಸು ಬೇಡ. ಕೀಲನ್ನು ಒಳಗಿನಿಂದ ತಿಂದ ಗ್ರಾಫೈಟನ್ನೇ ಹೊರಗಿನಿಂದ ಹಚ್ಚಿದಂತಾಗುತ್ತದೆ. ಎರಡೂ ಬದಿಯ ವಾಷರುಗಳನ್ನು ಕೀಲ್ ಅಡ್ಡಡ್ಡ ಅಲುಗದಷ್ಟು, ಆದರೆ ತನ್ನ ಭಾರಕ್ಕೇ ಇಳಿಯುವಷ್ಟು ಸಡಿಲವಾಗಿ ಹೊಂದಿಸಬೇಕು. ಪಟ್ಟಿಯ ಬೋಲ್ಟುಗಳೆಲ್ಲ ಹೊಸವಾಗಿರಲಿ, ಪಾಲಿಸಲ್ಫೈಡ್ ಸೀಲಂಟಿನಲ್ಲಿ ಕೂರಿಸಿ, ಒಳಬದಿಯಲ್ಲಿ ಅಗಲವಾದ ಲೋಹದ ಹಲಗೆಯ ಮೇಲೆ ಬಿಗಿಯಬೇಕು.

ನೆಲದ ಮೇಲಿರುವಾಗಲೇ, ಅಟ್ಟಣೆ ಅವಕಾಶ ಕೊಟ್ಟಷ್ಟು ಕೀಲನ್ನು ಹತ್ತು ಸಲ ಇಳಿಸಿ ಎತ್ತಿ, ಸದ್ದು ಕೇಳಬೇಕು. ನೀರಿಗಿಳಿದ ಮೇಲೆ ಪೂರ್ತಿ ಇಳಿಸಲು ಹಿಡಿಕೆ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ವಿಂಚಿನ ಪಕ್ಕದಲ್ಲೇ ಬರೆದಿಡಬೇಕು. ಮುಂದೊಂದು ದಿನ ಆ ಎಣಿಕೆಗೆ ಮೊದಲೇ ಹಗ್ಗ ಸಡಿಲಾದರೆ ಗೂಡಿನಲ್ಲಿ ಮರಳೋ ಚಿಪ್ಪೋ ಸಿಕ್ಕಿದೆ ಎಂದು ಹತ್ತಿ ನೋಡದೆಯೇ ತಿಳಿಯುತ್ತದೆ. ಮೊದಲ ಯಾನವನ್ನು ತಿಳಿಗಾಳಿಯ ದಿನ, ಕಾರವಾರದ ಕೊಲ್ಲಿಯೊಳಗೆ, ಕೂರ್ಮಗಡದ ಆಚೆಗೆ ಹೋಗದೆ ಮುಗಿಸಿ, ಹಿಂದಿರುಗಿದ ಕೂಡಲೇ ನೆಲಹಲಗೆ ಎತ್ತಿ ಬೋಲ್ಟುಗಳ ಬುಡದಲ್ಲಿ ಒದ್ದೆಯಿದೆಯೇ ಎಂದು ಒಣ ಕಾಗದ ಒತ್ತಿ ನೋಡಬೇಕು. ಒಂದು ತಿಂಗಳ ನಂತರ ಅದೇ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಪಿನ್ನನ್ನು ಹೊರತೆಗೆದು ನೋಡುವ ದಿನವನ್ನು ಮುಂದಿನ ಮೇ ಕೊನೆಯ ವಾರಕ್ಕೆ, ದೋಣಿ ಹೇಗಿದ್ದರೂ ದಡಕ್ಕೆ ಬರುವ ಹೊತ್ತಿಗೆ, ಗೊತ್ತುಮಾಡಿಕೊಳ್ಳಬೇಕು.